ಇದೊಂದು ನೋಡಿ ಮಲಗ್ತೀನಿ

ರಾತ್ರಿ 11:10. ಬೆಳಿಗ್ಗೆ ಬೇಗ ಏಳಬೇಕಿತ್ತು. ಅಲಾರಂ ಇಡೋಣ ಅಂತ ಫೋನ್ ಕೈಗೆತ್ತಿಕೊಂಡೆ. ಬೆರಳು ಅಲಾರಂ ಬಿಟ್ಟು ಪಕ್ಕದ ಆ್ಯಪ್ ಒತ್ತಿತು. ಯಾರೋ ತುಕ್ಕು ಹಿಡಿದ ಹಳೇ ಕೊಡಲಿಯನ್ನು ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡುತ್ತಿದ್ದರು. ನನಗೆ ಕೊಡಲಿಯಿಂದ ಆಗಬೇಕಾದ್ದು ಏನೂ ಇಲ್ಲ. ಆದರೂ ಪೂರ್ತಿ ನೋಡಿದೆ. ಅದಾದ ಮೇಲೆ ಕೊಳೆ ಹಿಡಿದ ಕಾರ್ಪೆಟ್ ತೊಳೆಯುವುದು. ಆಮೇಲೆ ಒಂದು ಬೆಕ್ಕು. ಆಮೇಲೆ ಬೆನ್ನುನೋವು ಓಡಿಸುವ ಉಪಾಯ. ನನಗೆ ಬೆನ್ನುನೋವು ಇರಲಿಲ್ಲ. ಹಾಗೆ ಸೊಟ್ಟಗೆ ಮಲಗಿ ಇನ್ನೊಂದು ಗಂಟೆ ನೋಡಿದ್ದರೆ ಬರುತ್ತಿತ್ತೋ ಏನೋ. ‘ಇದೊಂದು ನೋಡಿ ಮಲಗ್ತೀನಿ’ ಅಂತ ಎಷ್ಟು ಸಲ ಅಂದುಕೊಂಡೆನೋ ಲೆಕ್ಕ ಇಟ್ಟಿಲ್ಲ. ಕಣ್ಣು ಉರಿದು ಫೋನ್ ಪಕ್ಕಕ್ಕಿಟ್ಟಾಗ 12:45. ಅಲಾರಂ ಮಾತ್ರ ಇಟ್ಟಿರಲಿಲ್ಲ. ಅದು ಗೊತ್ತಾಗಿದ್ದು ಬೆಳಿಗ್ಗೆ, ಬಿಸಿಲು ಮುಖಕ್ಕೆ ಬಿದ್ದಾಗ.

ಇಂಥ ಬೆಳಿಗ್ಗೆಗಳಲ್ಲಿ ನಾವು ಬೈಯುವುದು ನಮ್ಮನ್ನೇ ಅಲ್ವಾ? ಮನಸ್ಸು ಗಟ್ಟಿ ಇಲ್ಲ, ಶಿಸ್ತಿಲ್ಲ, ನಾಳೆಯಿಂದ ಮುಟ್ಟಲ್ಲ. ನಾನೂ ಹಾಗೇ ಬೈದುಕೊಳ್ಳುತ್ತಿದ್ದೆ. ಈ ಆ್ಯಪ್‌ಗಳು ಒಳಗೆ ಹೇಗೆ ಕೆಲಸ ಮಾಡುತ್ತವೆ ಅಂತ ಓದುತ್ತಾ ಹೋದ ಮೇಲೆ ಬೈಗುಳದಲ್ಲಿ ನನ್ನ ಪಾಲು ಸ್ವಲ್ಪ ಕಮ್ಮಿಯಾಯಿತು. ಕಿರು ವಿಡಿಯೊಗಳ ಬಗ್ಗೆ ದೂರು ಹೇಳುವವರು ಸಾಮಾನ್ಯವಾಗಿ ಅದರಲ್ಲಿ ಬರುವ ಅಸಭ್ಯತೆ, ಹುಚ್ಚಾಟಗಳ ಬಗ್ಗೆ ಹೇಳುತ್ತಾರೆ. ಅದೂ ಇದೆ. ಆದರೆ ನನಗೆ ಕಂಡಂತೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆ ಬೀಳುತ್ತದೆ. ಯಾವುದನ್ನೇ ಮಾಡುವಾಗಲೂ ಒಂದು ಹಂತದಲ್ಲಿ ‘ಸಾಕು’ ಅನಿಸುತ್ತದಲ್ಲ, ಆ ಸಾಕು ಅನ್ನುವುದು ಹುಟ್ಟುವ ಜಾಗವನ್ನೇ ಈ ಆ್ಯಪ್‌ಗಳು ಅಳಿಸಿಹಾಕಿವೆ.

ಆರಿಸುವವರು ಯಾರು?

ಚಿಕ್ಕ ವಿಡಿಯೊ ಹೊಸದೇನಲ್ಲ. 2013ರಲ್ಲೇ ವೈನ್ ಅಂತ ಒಂದು ಆ್ಯಪ್ ಬಂದಿತ್ತು. ಅದರಲ್ಲಿ ವಿಡಿಯೊ ಬರೀ 6 ಸೆಕೆಂಡ್. ನಾಲ್ಕು ವರ್ಷದಲ್ಲಿ ಅದು ಮುಚ್ಚಿಹೋಯಿತು. 2014ರಲ್ಲಿ ಮ್ಯೂಸಿಕಲಿ ಬಂತು. 2016ರಲ್ಲಿ ಚೀನಾದ ಬೈಟ್‌ಡ್ಯಾನ್ಸ್ ಕಂಪನಿ ಡೌಯಿನ್ ಅನ್ನುವ ಆ್ಯಪ್ ಶುರು ಮಾಡಿತು. ಅದೇ ಕಂಪನಿ ಮ್ಯೂಸಿಕಲಿಯನ್ನು ಕೊಂಡುಕೊಂಡು 2018ರಲ್ಲಿ ತನ್ನ ಇನ್ನೊಂದು ಆ್ಯಪ್ ಟಿಕ್‌ಟಾಕ್‌ಗೆ ಸೇರಿಸಿತು. 2020ರಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ತಂದಿತು, ಅದೇ ವರ್ಷ ಯೂಟ್ಯೂಬ್ ಶಾರ್ಟ್ಸ್ ತಂದಿತು. ಈಗ ಯಾವ ಆ್ಯಪ್ ಆದರೂ ಬಾಯಲ್ಲಿ ಬರುವುದು ‘ರೀಲ್ಸ್’ ಅಂತಲೇ.

ವಿಡಿಯೊ ಚಿಕ್ಕದಾಗಿದ್ದೇ ಕಾರಣವಾಗಿದ್ದರೆ 6 ಸೆಕೆಂಡಿನ ವೈನ್ ಎಲ್ಲರನ್ನೂ ನುಂಗಿಹಾಕಬೇಕಿತ್ತು. ಬದಲಾಗಿದ್ದು ಇನ್ನೊಂದು. ಮೊದಲೆಲ್ಲ ನಾವು ಯಾರನ್ನು ಫಾಲೋ ಮಾಡಿದ್ದೆವೋ ಅವರು ಹಾಕಿದ್ದು ಬರುತ್ತಿತ್ತು. ಅವರದ್ದು ಮುಗಿದರೆ ಮುಗಿಯಿತು. ಉದ್ದದ ವಿಡಿಯೊ ನೋಡುವಾಗ ಇವತ್ತಿಗೂ ಹತ್ತು ಚಿತ್ರಗಳಲ್ಲಿ ಒಂದನ್ನು ಆರಿಸಿ ಒತ್ತುತ್ತೇವೆ. ‘ಈಗ ಏನು ನೋಡಲಿ?’ ಅಂತ ಅರೆಕ್ಷಣ ಯೋಚಿಸುತ್ತೇವೆ. ಆ ಅರೆಕ್ಷಣದಲ್ಲಿ ‘ಏನೂ ಬೇಡ’ ಅನ್ನುವ ಉತ್ತರಕ್ಕೂ ಜಾಗ ಇದೆ. ಕಿರು ವಿಡಿಯೊ ಫೀಡಿನಲ್ಲಿ, ಅಂದರೆ ಒಂದರ ಹಿಂದೊಂದು ತಾನಾಗಿ ಬರುವ ವಿಡಿಯೊ ಸಾಲಿನಲ್ಲಿ, ಆ ಪ್ರಶ್ನೆಯೇ ಬರುವುದಿಲ್ಲ. ಆ್ಯಪ್ ತೆರೆಯುತ್ತಿದ್ದಂತೆ ಒಂದು ವಿಡಿಯೊ ಆಗಲೇ ಓಡುತ್ತಿರುತ್ತದೆ. ಆರಿಸುವ ಕೆಲಸ ಆ್ಯಪ್‌ನೊಳಗಿನ ಯಂತ್ರದ್ದು, ಬೇಡ ಅನ್ನುವ ಕೆಲಸ ಮಾತ್ರ ನಮ್ಮದು. ಬೇಡ ಅಂದರೂ ಸಿಗುವುದು ಇನ್ನೊಂದು ವಿಡಿಯೊ.

ಆ ಯಂತ್ರ ನಮ್ಮನ್ನು ಹೇಗೆ ಅಳೆಯುತ್ತದೆ ಅನ್ನುವುದು ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಲೈಕ್ ಒತ್ತುವುದು, ಕಾಮೆಂಟ್ ಹಾಕುವುದು ಎಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಹೆಚ್ಚಿನ ಜನ ಏನೂ ಒತ್ತದೆ ಸುಮ್ನೆ ನೋಡುತ್ತಾ ಹೋಗುತ್ತಾರೆ. ಅವರ ಹೆಬ್ಬೆರಳೇ ಎಲ್ಲ ಹೇಳುತ್ತದೆ. ಯಾವ ವಿಡಿಯೊದ ಮೇಲೆ ಎಷ್ಟು ಸೆಕೆಂಡ್ ನಿಂತಿತು, ಯಾವುದನ್ನು ಎರಡನೇ ಸಲ ಓಡಲು ಬಿಟ್ಟಿತು, ಯಾವುದನ್ನು ಕೂಡಲೇ ತಳ್ಳಿತು. ಟಿಕ್‌ಟಾಕ್‌ನ ಒಳಗಿನ ದಾಖಲೆಯೊಂದು 2021ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಸಿಕ್ಕಿತ್ತು. ಅದರ ಪ್ರಕಾರ ಈ ವಿಡಿಯೊಗೆ ಈ ಮನುಷ್ಯ ಲೈಕ್ ಒತ್ತುತ್ತಾನಾ, ಕಾಮೆಂಟ್ ಹಾಕುತ್ತಾನಾ, ಎಷ್ಟು ಹೊತ್ತು ನೋಡುತ್ತಾನೆ ಅನ್ನುವ ಊಹೆಗಳನ್ನೆಲ್ಲ ಕೂಡಿಸಿ ಪ್ರತಿ ವಿಡಿಯೊಗೂ ಒಂದು ಅಂಕ ಕೊಡಲಾಗುತ್ತದೆ. ಅಂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಇದೆಲ್ಲದರ ಹಿಂದಿನ ಗುರಿ ಎರಡು: ಬಂದವರು ಮತ್ತೆ ಬರಬೇಕು, ಬಂದವರು ಹೆಚ್ಚು ಹೊತ್ತು ಇರಬೇಕು.

ಅದೇ ವರ್ಷ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಟಿಕ್‌ಟಾಕ್‌ನಲ್ಲಿ ನೂರಕ್ಕೂ ಹೆಚ್ಚು ನಕಲಿ ಖಾತೆಗಳನ್ನು ಮಾಡಿ ಪರೀಕ್ಷೆ ನಡೆಸಿತು. ಆ ಖಾತೆಗಳ ಹಿಂದೆ ಇದ್ದದ್ದು ಮನುಷ್ಯರಲ್ಲ, ತಂತ್ರಾಂಶ. ಅವು ಲೈಕ್ ಒತ್ತಲಿಲ್ಲ, ಯಾರನ್ನೂ ಫಾಲೋ ಮಾಡಲಿಲ್ಲ. ತಮಗೆ ಒಪ್ಪಿಸಿದ ವಿಷಯ ಕಂಡಾಗ ಸ್ವಲ್ಪ ನಿಂತು ನೋಡಿದವು, ಅಷ್ಟೇ. ಒಂದು ಖಾತೆಗೆ ‘ದುಃಖ’ ಅನ್ನುವುದನ್ನು ಒಪ್ಪಿಸಿದ್ದರು. ಸುಮಾರು 36 ನಿಮಿಷ ಕಳೆಯುವಷ್ಟರಲ್ಲಿ ಆ್ಯಪ್ ಅದನ್ನು ಹಿಡಿದುಬಿಟ್ಟಿತು. ಅಲ್ಲಿಂದ ಮುಂದೆ ಬಂದ ವಿಡಿಯೊಗಳಲ್ಲಿ 93% ಬರೀ ದುಃಖ, ಖಿನ್ನತೆಯವು. ನಿಜವಾದ ಮನುಷ್ಯರಿಗೆ ನಾನಾ ಆಸಕ್ತಿಗಳು ಇರುತ್ತವೆ, ತಂತ್ರಾಂಶಕ್ಕೆ ಹಾಗಲ್ಲ ಅಂತ ಕಂಪನಿ ಹೇಳಿತು. ಆ ಮಾತು ಸರಿಯೇ. ಆದರೆ ಒಂದು ಕೆಟ್ಟ ರಾತ್ರಿ, ಮನಸ್ಸು ಮುರಿದು ಹಾಸಿಗೆಯಲ್ಲಿ ಬಿದ್ದುಕೊಂಡವರಿಗೆ ಇರುವ ಆಸಕ್ತಿಯೂ ಒಂದೇ ಅಲ್ವಾ?

ತೊಂದರೆ ಇರುವುದು ಇಲ್ಲೇ. ರಸ್ತೆಯಲ್ಲಿ ಅಪಘಾತವಾದರೆ ಹೋಗುವವರೆಲ್ಲ ಗಾಡಿ ನಿಧಾನ ಮಾಡಿ ನೋಡುತ್ತಾರೆ. ಅಪಘಾತ ಅಂದರೆ ಅವರಿಗೆ ಪ್ರೀತಿ ಅಂತಲ್ಲ. ಈಗ ರಸ್ತೆ ಬದಿಯಲ್ಲಿ ಒಬ್ಬ ಕೂತು, ಯಾರು ಯಾರು ನಿಧಾನ ಮಾಡಿದರು ಅಂತ ಬರೆದುಕೊಂಡು, ‘ಓಹೋ, ಇವರಿಗೆ ಇದು ಬೇಕು’ ಅಂತ ಮುಂದಿನ ತಿರುವಿನಲ್ಲಿ ಇನ್ನೊಂದು ಅಪಘಾತ ಮಾಡಿಸಿಟ್ಟರೆ? ಯಂತ್ರ ಮಾಡುವುದು ಇದನ್ನೇ. ಕಣ್ಣು ನಿಂತದ್ದು ಅದಕ್ಕೆ ಕಾಣುತ್ತದೆ. ಖುಷಿಗೆ ನಿಂತಿತೋ, ಹೆದರಿಕೆಗೆ ನಿಂತಿತೋ, ಹೊಟ್ಟೆಕಿಚ್ಚಿಗೆ ನಿಂತಿತೋ ಅನ್ನುವುದು ಕಾಣುವುದಿಲ್ಲ.

ಪಾರಿವಾಳ ಮತ್ತು ಕೋತಿ

ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡುತ್ತಿದ್ದರು. ಗುಂಡಿ ಕುಕ್ಕಿದರೆ ಕಾಳು ಬೀಳುತ್ತದೆ. ಲೆಕ್ಕದ ಪ್ರಕಾರ ಕಾಳು ಬಿದ್ದರೆ ಪಾರಿವಾಳ ಕುಕ್ಕಿ, ತಿಂದು, ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಆದರೆ ಯಾವ ಕುಕ್ಕಿಗೆ ಕಾಳು ಬೀಳುತ್ತದೆ ಅಂತ ಗೊತ್ತಾಗದ ಹಾಗೆ ಮಾಡಿದರೆ ಬಿಡುವೇ ಇಲ್ಲದೆ ಕುಕ್ಕುತ್ತಲೇ ಇರುತ್ತದೆ. ಕಾಳು ಬೀಳುವುದು ಪೂರ್ತಿ ನಿಂತುಹೋದ ಮೇಲೂ ಬಹಳ ಹೊತ್ತು ಕುಕ್ಕುತ್ತದೆ. ಜೂಜಿನ ಯಂತ್ರಗಳು ಕೆಲಸ ಮಾಡುವುದೂ ಹೀಗೇ ಅಂತ ಸ್ಕಿನ್ನರ್ ಅವರೇ ಹೇಳಿದ್ದರು.

ಫೀಡಿನಲ್ಲಿ ಐದಾರು ನೀರಸ ವಿಡಿಯೊ ಆದ ಮೇಲೆ ಒಂದು ಜೋರು ನಗು ತರಿಸುವುದು ಬರುತ್ತದೆ. ಎಲ್ಲವೂ ಚೆನ್ನಾಗಿದ್ದರೆ ಬೇಗ ಸಾಕಾಗುತ್ತಿತ್ತೋ ಏನೋ. ಮುಂದಿನದು ಹೇಗಿರುತ್ತದೋ ಗೊತ್ತಿಲ್ಲ ಅನ್ನುವುದೇ ಬೆರಳನ್ನು ಓಡಿಸುತ್ತದೆ.

ಇಲ್ಲಿ ಡೋಪಮೈನ್ ಅನ್ನುವ ಹೆಸರು ಬರಲೇಬೇಕು. ಅದನ್ನು ‘ಖುಷಿಯ ರಾಸಾಯನಿಕ’ ಅಂತ ಎಲ್ಲರೂ ಬರೆಯುತ್ತಾರೆ, ಅದು ಅರ್ಧ ತಪ್ಪು. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಮಿದುಳಿನ ಡೋಪಮೈನ್ ನರಕೋಶಗಳನ್ನು ಗಮನಿಸಿದರು. ರಸ ಅನಿರೀಕ್ಷಿತವಾಗಿ ಸಿಕ್ಕಾಗ ನರಕೋಶಗಳು ಜೋರಾಗಿ ಮಿಡಿದವು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ, ರಸ ಸಿಕ್ಕಾಗ ಮಿಡಿತ ಇಲ್ಲ. ದೀಪ ಹತ್ತಿದಾಗಲೇ ಮಿಡಿತ. ಅಂದರೆ ಇದು ಸವಿಯುವುದಕ್ಕಿಂತ ಕಾಯುವುದಕ್ಕೆ ಹತ್ತಿರದ ವಿಷಯ. ಕೆಂಟ್ ಬೆರಿಡ್ಜ್ ಅನ್ನುವ ಇನ್ನೊಬ್ಬ ವಿಜ್ಞಾನಿ ‘ಬೇಕು ಅನಿಸುವುದು’ ಮತ್ತು ‘ಇಷ್ಟವಾಗುವುದು’ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳು ಅಂತ ತೋರಿಸಿದ್ದಾರೆ. ಒಂದು ಗಂಟೆ ರೀಲ್ಸ್ ನೋಡಿ ಎದ್ದಾಗ ‘ಛೆ, ಏನೂ ಮಜಾ ಬರಲಿಲ್ಲ, ಆದರೂ ನಿಲ್ಲಿಸೋಕೆ ಆಗಲಿಲ್ಲ’ ಅನಿಸುತ್ತದಲ್ಲ, ಅದು ಈ ಎರಡು ದಾರಿ ಕವಲೊಡೆದ ಜಾಗ.

ಇದಕ್ಕೆ ಕೊನೆಯಿಲ್ಲದ ಸ್ಕ್ರೋಲ್ ಸೇರಿಸಿ. ಪುಟದ ಕೊನೆಗೆ ಬಂದು ‘ಮುಂದಿನ ಪುಟ’ ಅಂತ ಒತ್ತುವ ಕೆಲಸವೇ ಇಲ್ಲದಂತೆ ಮಾಡಿದ ಈ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಓದುವವರಿಗೆ ಅನುಕೂಲವಾಗಲಿ ಅಂತ ಮಾಡಿದ್ದು. ಮುಂದೆ ಅದಕ್ಕಾಗಿ ಅವರೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ಸಿನಿಮಾದಲ್ಲಿ ದೀಪ ಹತ್ತುತ್ತದೆ, ಹರಟೆಯಲ್ಲಿ ಯಾರಾದರೂ ಆಕಳಿಸುತ್ತಾರೆ. ಫೀಡ್ ಆಕಳಿಸುವುದಿಲ್ಲ.

ಮರೆತದ್ದು, ಬೇಜಾರಾದದ್ದು

ಒಂದು ದಿನ ನಾನೇ ಸಣ್ಣ ಪರೀಕ್ಷೆ ಮಾಡಿಕೊಂಡೆ. ಗಡಿಯಾರ ನೋಡಿ 15 ನಿಮಿಷ ರೀಲ್ಸ್ ನೋಡಿದೆ. ಫೋನ್ ಕವುಚಿಟ್ಟು, ನೋಡಿದ್ದನ್ನೆಲ್ಲ ಹಾಳೆಯ ಮೇಲೆ ಬರೆಯಲು ಕೂತೆ. ಕಡಿಮೆಯೆಂದರೂ 35 ವಿಡಿಯೊ ನೋಡಿರಬೇಕು. ನೆನಪಾಗಿದ್ದು 6. ಅದರಲ್ಲೂ ಎರಡರ ಬಗ್ಗೆ ‘ಯಾರೋ ಒಬ್ಬರು ಏನೋ ಹೇಳುತ್ತಿದ್ದರು’ ಅಂತಷ್ಟೇ ಬರೆದಿದ್ದೇನೆ. ಆ ಹಾಳೆ ಇನ್ನೂ ಇದೆ.

ನೋಡಿದ್ದು ಮರೆತರೆ ನಷ್ಟವೇನೂ ಇಲ್ಲ ಬಿಡಿ. ಮಾಡಬೇಕಾದ್ದು ಮರೆತರೆ ನಷ್ಟ. ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ 60 ಜನರ ಮೇಲೆ ನಡೆಸಿದ ಪ್ರಯೋಗ ಇದನ್ನೇ ನೋಡಿತು. ಅವರಿಗೆ ಪರದೆಯ ಮೇಲೆ ಒಂದು ಕೆಲಸ ಕೊಟ್ಟು, ಮಧ್ಯೆ ಇಂಥದ್ದು ಕಂಡಾಗ ಬೇರೆ ಗುಂಡಿ ಒತ್ತಬೇಕು ಅಂತ ಹೇಳಿದ್ದರು. ನಡುವೆ 10 ನಿಮಿಷ ಬಿಡುವು. ಆ ಬಿಡುವಿನಲ್ಲಿ ಕೆಲವರು ಸುಮ್ಮನೆ ಕೂತರು, ಕೆಲವರು ಟ್ವಿಟರ್ ನೋಡಿದರು, ಕೆಲವರು ಯೂಟ್ಯೂಬ್‌ನ ವಿಡಿಯೊ, ಕೆಲವರು ಟಿಕ್‌ಟಾಕ್. ವಾಪಸ್ ಬಂದ ಮೇಲೆ, ಒತ್ತಬೇಕು ಅಂದುಕೊಂಡಿದ್ದನ್ನು ಮರೆಯುವುದರಲ್ಲಿ ಎದ್ದು ಕಂಡವರು ಟಿಕ್‌ಟಾಕ್ ನೋಡಿದವರು ಮಾತ್ರ. ಅದನ್ನು ಓದಿದಾಗ ನನಗೆ ನನ್ನ ಅಲಾರಂ ನೆನಪಾಯಿತು. ನೀವೂ ಅಷ್ಟೇ, ಯಾರಿಗೋ ಮೆಸೇಜ್ ಕಳಿಸೋಕೆ ಫೋನ್ ತೆಗೆದು, ಇಪ್ಪತ್ತು ನಿಮಿಷ ಬಿಟ್ಟು ‘ಯಾಕೆ ತೆಗೆದೆ?’ ಅಂತ ಕೇಳಿಕೊಂಡಿಲ್ವಾ?

ಇನ್ನೊಂದು ಫಲಿತಾಂಶ ನನಗೆ ಇನ್ನೂ ಜಾಸ್ತಿ ಹಿಡಿಸಿತು. ರೀಲ್ಸ್ ನೋಡುವುದು ಯಾಕೆ ಅಂದರೆ ‘ಬೇಜಾರು ಕಳೆಯೋಕೆ’ ಅನ್ನುತ್ತೇವೆ. ಟೊರಾಂಟೊ ವಿಶ್ವವಿದ್ಯಾಲಯದ ಕೇಟಿ ಟ್ಯಾಮ್ ಮತ್ತು ಮೈಕಲ್ ಇನ್ಸ್‌ಲಿಕ್ಟ್ ಇದನ್ನೇ ಪರೀಕ್ಷೆಗೆ ಇಟ್ಟರು, 2024ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಸಲ ಒಂದೇ ವಿಡಿಯೊ ಪೂರ್ತಿ ನೋಡಬೇಕು. ಇನ್ನೊಂದು ಸಲ ಬೇಕಾದಾಗ ಬದಲಾಯಿಸಿ ಬೇರೆಯದಕ್ಕೆ ಹೋಗಬಹುದು. ಬದಲಾಯಿಸಲು ಬಿಟ್ಟರೆ ಬೇಜಾರು ಕಮ್ಮಿ ಆಗುತ್ತದೆ ಅಂತಲೇ ಎಲ್ಲರ ಊಹೆ. ಆಗಿದ್ದು ತಿರುಗಾಮುರುಗಾ. ಹಾರುತ್ತಾ ನೋಡಿದಾಗಲೇ ಬೇಜಾರು ಜಾಸ್ತಿ. ಯಾವುದರೊಳಗೂ ಇಳಿಯದೆ ದಡದಲ್ಲೇ ಓಡಾಡಿದರೆ ಮನಸ್ಸು ತುಂಬುವುದಾದರೂ ಹೇಗೆ? ಬೇಜಾರು ಅಂತ ಆ್ಯಪ್ ತೆಗೆಯುವುದು, ಅದರಿಂದ ಬೇಜಾರು ಹೆಚ್ಚುವುದು, ಹೆಚ್ಚಿತು ಅಂತ ಇನ್ನೂ ಬೇಗ ಬೇಗ ತಳ್ಳುವುದು.

ಗಮನದ ವಿಷಯಕ್ಕೆ ಬಂದರೆ ಎಲ್ಲ ತಪ್ಪನ್ನೂ ರೀಲ್ಸ್ ಮೇಲೆ ಹೊರಿಸುವುದು ಸರಿಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ವರ್ಷಗಟ್ಟಲೆ ಇದನ್ನು ಅಳೆಯುತ್ತಾ ಬಂದಿದ್ದಾರೆ. 2004ರಲ್ಲಿ ಜನ ಪರದೆಯ ಮೇಲಿನ ಒಂದು ವಿಷಯದಲ್ಲಿ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು. 2012ಕ್ಕೆ ಅದು 75 ಸೆಕೆಂಡ್ ಆಯಿತು. ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡ್. ಗಮನಿಸಿ, ಇಳಿತ ಶುರುವಾಗಿದ್ದು ರೀಲ್ಸ್ ಹುಟ್ಟುವ ಮೊದಲೇ. ಇಳಿಯುತ್ತಿದ್ದವರಿಗೆ ಇವು ಜಾರುಬಂಡೆ ಹಾಕಿಕೊಟ್ಟವು.

ನಿದ್ದೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪರದೆಯ ನೀಲಿ ಬೆಳಕಿನದೇ ದೊಡ್ಡ ತಪ್ಪು ಅಂತ ಜನ ನಂಬಿದ್ದಾರೆ. ಲೆಕ್ಕ ಅದಕ್ಕಿಂತ ಸರಳ. 11:10ಕ್ಕೆ ಮಲಗಬೇಕಾದವರು 12:45ಕ್ಕೆ ಮಲಗಿದರೆ ಒಂದೂವರೆ ಗಂಟೆ ಹೋಯಿತು. ಬೆಳಕು ಯಾವ ಬಣ್ಣದ್ದಾದರೇನು?

‘ಆದರೆ’ಗೆ ಜಾಗವಿಲ್ಲ

ಈಗ ವಿಡಿಯೊದೊಳಗೆ ಬರುವ ವಿಷಯ. ಮೊದಲ ಎರಡು ಸೆಕೆಂಡಿನಲ್ಲಿ ಹಿಡಿಯದಿದ್ದರೆ ನೋಡುವವರು ತಳ್ಳಿಬಿಡುತ್ತಾರೆ ಅಂತ ವಿಡಿಯೊ ಮಾಡುವವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಎಲ್ಲರೂ ಕೂಗಿಕೊಂಡೇ ಶುರು ಮಾಡುತ್ತಾರೆ. ‘ಈ ತಪ್ಪು ನೀವೂ ಮಾಡ್ತಿದ್ದೀರಾ!’ ವಿಷಯ ತಿಳಿದವರು ಮಾತಾಡುವಾಗ ಪದೇ ಪದೇ ‘ಆದರೆ’, ‘ಕೆಲವೊಮ್ಮೆ’, ‘ಎಲ್ಲರಿಗೂ ಅಲ್ಲ’ ಅನ್ನುತ್ತಾರೆ. ಮೂವತ್ತು ಸೆಕೆಂಡಿನಲ್ಲಿ ಮೊದಲು ಕತ್ತರಿ ಬೀಳುವುದು ಈ ಪದಗಳಿಗೇ.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆಯ ಬಗ್ಗೆ ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ಜನ ನೋಡಿದ 100 ವಿಡಿಯೊಗಳನ್ನು ಕೆನಡಾದ ಸಂಶೋಧಕರು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 52 ದಾರಿ ತಪ್ಪಿಸುವಂಥವು. ಬೀಗದ ಕೈ ಎಲ್ಲಿಟ್ಟೆ ಅಂತ ಮರೆಯುವುದು ಯಾರಿಗೆ ಆಗಲ್ಲ ಹೇಳಿ? ಅಂಥದ್ದನ್ನೇ ‘ಇದು ಲಕ್ಷಣ’ ಅಂದುಬಿಟ್ಟರೆ ಲಕ್ಷಾಂತರ ಜನ ಹೌದಲ್ಲ ಅನ್ನುತ್ತಾರೆ, ಬೆರಳು ನಿಲ್ಲುತ್ತದೆ, ಅಂಥದ್ದೇ ಇನ್ನೂ ಹತ್ತು ಬರುತ್ತವೆ. ನಿಜವಾಗಿ ಆ ತೊಂದರೆ ಇರುವವರ ಮಾತು ಈ ಗದ್ದಲದಲ್ಲಿ ಮುಳುಗುತ್ತದೆ.

ಹದಿಹರೆಯದವರ ಮೇಲೆ ಬೀಳುವ ಭಾರ ಬೇರೆ ಥರದ್ದು. ದಿನವಿಡೀ ತಿದ್ದಿ ತೀಡಿದ ಮುಖ, ಮೈಕಟ್ಟುಗಳನ್ನೇ ನೋಡಿದವರಿಗೆ ಕನ್ನಡಿಯಲ್ಲಿ ಕಾಣುವುದು ಸಾಲದು ಅನಿಸುತ್ತದೆ. ಇನ್‌ಸ್ಟಾಗ್ರಾಂನವರ ಸ್ವಂತ ಅಧ್ಯಯನವೇ ಹಾಗೆ ಹೇಳಿತ್ತು. ತಮ್ಮ ಮೈಯ ಬಗ್ಗೆ ಕೀಳರಿಮೆ ಇರುವ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬರಿಗೆ ಈ ಆ್ಯಪ್‌ನಿಂದ ಅದು ಇನ್ನೂ ಹೆಚ್ಚಾಗುತ್ತದೆ ಅಂತ. ಇನ್‌ಸ್ಟಾಗ್ರಾಂನ ಒಡೆತನದ ಫೇಸ್‌ಬುಕ್ ಕಂಪನಿಯಲ್ಲಿ ಉದ್ಯೋಗಿಯಾಗಿದ್ದ ಫ್ರಾನ್ಸಿಸ್ ಹೌಗೆನ್ 2021ರಲ್ಲಿ ಆ ದಾಖಲೆಗಳನ್ನು ಹೊರಗೆ ತಂದರು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ ಆಗಿದ್ದ ವಿವೇಕ್ ಮೂರ್ತಿ ಹೊರಡಿಸಿದ ಎಚ್ಚರಿಕೆಯಲ್ಲಿ, ದಿನಕ್ಕೆ 3 ಗಂಟೆಗಿಂತ ಹೆಚ್ಚು ಸೋಶಿಯಲ್ ಮೀಡಿಯಾ ಬಳಸುವ ಮಕ್ಕಳಲ್ಲಿ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಎರಡು ಪಟ್ಟು ಅಂತ ಇತ್ತು.

ಇಲ್ಲಿ ನಾನೂ ಒಂದು ‘ಆದರೆ’ ಹಾಕಬೇಕು. ಹೆಚ್ಚು ನೋಡಿದ್ದರಿಂದ ಮನಸ್ಸು ಕುಗ್ಗಿತೋ, ಮನಸ್ಸು ಕುಗ್ಗಿದವರು ಹೆಚ್ಚು ನೋಡುತ್ತಾರೋ? ಇಂಥ ಅಂಕಿಅಂಶಗಳಿಂದ ಅದನ್ನು ಬಿಡಿಸಿ ಹೇಳುವುದು ಕಷ್ಟ. ಎರಡೂ ನಿಜ ಇರಬಹುದು, ಒಂದು ಇನ್ನೊಂದಕ್ಕೆ ತಿದಿ ಒತ್ತುತ್ತಿರಬಹುದು. ಅಡುಗೆ, ಗಣಿತ, ಸೈಕಲ್ ರಿಪೇರಿ, ಎಲ್ಲವನ್ನೂ ರೀಲ್ಸ್‌ನಲ್ಲೇ ಕಲಿತವರೂ ಇದ್ದಾರೆ. ಹುಡುಕಿಕೊಂಡು ಹೋಗಿ ಒಂದು ವಿಡಿಯೊ ನೋಡಿ ಎದ್ದು ಬಂದವರ ಮೇಲೆ ನನ್ನ ತಕರಾರಿಲ್ಲ.

ಕಂಪನಿಗಳಿಗೆ ಇದೆಲ್ಲ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳು ಟಿಕ್‌ಟಾಕ್ ಮೇಲೆ ಮೊಕದ್ದಮೆ ಹೂಡಿದವು. ಕೆಂಟಕಿ ರಾಜ್ಯದ ಕಡತದಲ್ಲಿ ಮಸಿ ಬಳಿದು ಮುಚ್ಚಬೇಕಿದ್ದ ಭಾಗ ಸರಿಯಾಗಿ ಮುಚ್ಚಿರಲಿಲ್ಲ. ಹಾಗಾಗಿ ಒಳಗಿನ ಲೆಕ್ಕ ಹೊರಬಂತು. ಒಬ್ಬರಿಗೆ ಆ್ಯಪ್‌ನ ಚಟ ಹಿಡಿಯಲು 260 ವಿಡಿಯೊ ಸಾಕು ಅಂತ ಕಂಪನಿ ಲೆಕ್ಕ ಹಾಕಿತ್ತಂತೆ. ಒಂದೊಂದು ವಿಡಿಯೊ 8 ಸೆಕೆಂಡ್ ಅಂದುಕೊಂಡರೆ 35 ನಿಮಿಷವೂ ಬೇಡ. ಹದಿಹರೆಯದವರಿಗೆ ದಿನಕ್ಕೆ 60 ನಿಮಿಷದ ಮಿತಿ ಅಂತ ದೊಡ್ಡದಾಗಿ ಸಾರಿದ್ದ ಸೌಲಭ್ಯದ ಫಲವೂ ಅದರಲ್ಲೇ ಇತ್ತು. ದಿನಕ್ಕೆ ಸುಮಾರು 108.5 ನಿಮಿಷ ನೋಡುತ್ತಿದ್ದವರು 107 ನಿಮಿಷಕ್ಕೆ ಇಳಿದರು. ಒಂದೂವರೆ ನಿಮಿಷ! ಕಣ್ಣೊರೆಸುವುದು ಅಂದರೆ ಇದೇ. ಬೇಕಾದ ಮಾತುಗಳನ್ನಷ್ಟೇ ಹೆಕ್ಕಿ ತೋರಿಸಲಾಗಿದೆ ಅಂತ ಕಂಪನಿ ಆಕ್ಷೇಪಿಸಿತು. ಅದೇ ಬೈಟ್‌ಡ್ಯಾನ್ಸ್ ಚೀನಾದ ಡೌಯಿನ್‌ನಲ್ಲಿ 14 ವರ್ಷದೊಳಗಿನ ಮಕ್ಕಳಿಗೆ 2021ರಿಂದ ದಿನಕ್ಕೆ 40 ನಿಮಿಷ ಮಾತ್ರ, ಅದೂ ಬೆಳಿಗ್ಗೆ 6ರಿಂದ ರಾತ್ರಿ 10ರೊಳಗೆ ಅಂತ ಕಟ್ಟುನಿಟ್ಟು ಮಾಡಿದೆ. ಮನಸ್ಸಿದ್ದರೆ ಆಗುತ್ತದೆ ಅಂತಾಯಿತು. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ 16 ವರ್ಷದೊಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆಯೇ ಬೇಡ ಅಂತ 2024ರಲ್ಲಿ ಕಾನೂನು ತಂದಿತು. 2025ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ.

ಉಳಿದವರು ಏನು ಮಾಡಬೇಕು? ‘ನಾಳೆಯಿಂದ ಮುಟ್ಟಲ್ಲ’ ಅನ್ನುವ ಶಪಥ ನನ್ನಲ್ಲಿ ಒಂದು ವಾರ ಬಾಳಿಲ್ಲ. ಸ್ವಲ್ಪ ಮಟ್ಟಿಗೆ ಕೆಲಸ ಮಾಡಿದ್ದು ಆ ಕಳೆದುಹೋದ ಅರೆಕ್ಷಣವನ್ನು ವಾಪಸ್ ತರುವ ಸಣ್ಣಪುಟ್ಟ ಅಡ್ಡಿಗಳು. ಆ್ಯಪ್ ತೆಗೆದುಹಾಕಿ, ಬೇಕಾದಾಗ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಹಾಕಿಯೇ ಒಳಗೆ ಹೋಗುವುದು. ಪರದೆಯ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿಟ್ಟುಕೊಳ್ಳುವುದು. ಫೀಡ್ ತೆರೆಯುವ ಬದಲು ಹುಡುಕುವ ಜಾಗದಲ್ಲಿ ಹೆಸರು ಬರೆದು ನೋಡುವುದು. ಪಾಸ್‌ವರ್ಡ್ ಹಾಕುವಾಗ ಅರ್ಧಕ್ಕೆ ಸೋಮಾರಿತನ ಬಂದು ಬಿಟ್ಟದ್ದು ಎಷ್ಟೋ ಸಲ. ಸೋಮಾರಿತನ ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಕೊನೆಗೆ ಬೇರೆಯೇ ಒಂದು ಅಲಾರಂ ಗಡಿಯಾರ ತಂದೆ, ಟಿಕ್ ಟಿಕ್ ಅನ್ನುವುದು. ಫೋನ್ ಈಗ ರಾತ್ರಿ ಪಕ್ಕದ ಕೋಣೆಯಲ್ಲಿ ಇರುತ್ತದೆ. ಮೊದಲ ರಾತ್ರಿ ಬೇಗ ನಿದ್ದೆ ಬರಲಿಲ್ಲ. ಕತ್ತಲಲ್ಲಿ ಕೈ ತಾನಾಗಿಯೇ ದಿಂಬಿನ ಕೆಳಗೆ ಹೋಗಿ ತಡಕಾಡಿತು. ಏನೂ ಸಿಗದೆ ವಾಪಸ್ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಯಿತು.